ಹುಲಿ ಅಂಗಿಯ ದಂಡು: ಮೇಜಿನ ಯುದ್ಧದಾಟಕ್ಕೆ ಮೈಸೂರು ಸೈನ್ಯವನ್ನು ಬಣ್ಣದಲ್ಲಿ ಸಿದ್ಧಗೊಳಿಸುವ ಕ್ರಮ

ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆಂದು ಒಂದು ಇಡೀ ಸೈನ್ಯಕ್ಕೆ ಬಣ್ಣ ಹಚ್ಚುವ ಕೆಲಸವು, ಗಾಜಿನ ಕಪಾಟಿನಲ್ಲಿ ಇಡುವ ಒಂಟಿ ಬೊಂಬೆಗೆ ಬಣ್ಣ ಹಚ್ಚುವ ಕೆಲಸಕ್ಕಿಂತ ಮೂಲದಲ್ಲಿಯೇ ಬೇರೆಯಾದದ್ದು. ಒಂಟಿ ಬೊಂಬೆಯನ್ನು ನೋಡುವವರು ಅದನ್ನು ಕಣ್ಣಿನ ಹತ್ತಿರ ಹಿಡಿದು ರೆಪ್ಪೆಯನ್ನೂ ಗುಂಡಿಯನ್ನೂ ಪರೀಕ್ಷಿಸುತ್ತಾರೆ. ಸೈನ್ಯವನ್ನು ನೋಡುವವರಾದರೋ ಮೇಜಿನ ಅಂಚಿನಲ್ಲಿ ನಿಂತು, ಒಂದು ಮೀಟರಿನಷ್ಟು ದೂರದಿಂದ, ಇಪ್ಪತ್ತು ಮೂವತ್ತು ಜನರ ಸಾಲನ್ನು ಒಂದೇ ನೋಟದಲ್ಲಿ ಕಾಣುತ್ತಾರೆ. 28 ಮಿ.ಮೀ. ಅಳತೆಯ ಬೊಂಬೆಯು ನಿಜವಾದ ಮನುಷ್ಯನ ಸುಮಾರು ಅರವತ್ತನೆಯ ಒಂದು ಭಾಗದಷ್ಟಿರುವುದರಿಂದ, ಅದನ್ನು ಒಂದು ಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ಸೈನಿಕನನ್ನು ಅರವತ್ತು ಮೀಟರ್ ದೂರದಿಂದ ನೋಡಿದ ಹಾಗೆ. ಆ ದೂರದಲ್ಲಿ ಕಣ್ಣಿಗೆ ದಕ್ಕುವುದು ಬಣ್ಣದ ಒಟ್ಟು ಪರಿಣಾಮ, ಸಾಲಿನ ಏಕರೂಪತೆ, ಮುಖ ಮತ್ತು ಅಂಗಿಯ ನಡುವಿನ ಅಂತರ, ಕಾಲಡಿಯ ನೆಲ ಇಷ್ಟೇ. ಬಣ್ಣದ ಆಯ್ಕೆಯಿಂದ ವಾರ್ನಿಷಿನವರೆಗೆ ಮುಂದೆ ಹೇಳುವ ಪ್ರತಿಯೊಂದು ಸಲಹೆಯೂ ಈ ದೂರವನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಹೇಳಿದ್ದು.

ಉದಾಹರಣೆಗೆ ಮೂರನೆಯ ಆಂಗ್ಲೋ-ಮೈಸೂರು ಯುದ್ಧದ, ಅಂದರೆ 1790ರಿಂದ 1792ರವರೆಗಿನ ಮೈಸೂರು ಸೈನ್ಯವನ್ನು ತೆಗೆದುಕೊಂಡಿದ್ದೇನೆ. ಟಿಪ್ಪು ಸುಲ್ತಾನನ ಶಿಸ್ತಿನ ಕಾಲಾಳು ದಳ, ರಾಕೆಟ್ ಹಾರಿಸುವವರು, ಎತ್ತುಗಳು ಎಳೆಯುವ ಫಿರಂಗಿ, ಇವು ಮೂರನ್ನು ಸಿದ್ಧಪಡಿಸಿದರೆ ಮೇಜಿನ ಮೇಲೆ ಒಂದು ಸಣ್ಣ ಸೈನ್ಯ ನಿಲ್ಲುತ್ತದೆ. ಎದುರಾಳಿಯಾಗಿ ಈಸ್ಟ್ ಇಂಡಿಯಾ ಕಂಪನಿಯ ಕೆಂಪು ಕೋಟಿನ ಸಿಪಾಯಿಗಳಿರಬಹುದು, ಅಥವಾ ಆ ಯುದ್ಧದಲ್ಲಿ ಕಂಪನಿಯ ಜೊತೆಗೂಡಿದ್ದ ಮರಾಠರೋ ಹೈದರಾಬಾದಿನ ನಿಜಾಮನ ಪಡೆಯೋ ಇರಬಹುದು. ನೆಪೋಲಿಯನ್ ಕಾಲದ ಐರೋಪ್ಯ ಸೈನ್ಯವನ್ನಾಗಲಿ ಕಲ್ಪನಾಲೋಕದ ಯೋಧರನ್ನಾಗಲಿ ಬಣ್ಣಗೊಳಿಸುವವರಿಗೂ ಕೆಲಸದ ಕ್ರಮ ಇದೇ. ಆದರೆ ಮೈಸೂರು ಸೈನ್ಯದಲ್ಲಿ ಒಂದು ವಿಶೇಷ ಸವಾಲು ಇದೆ, ಅದು ಹುಲಿ ಅಂಗಿ, ಅಂದರೆ ಹುಲಿಯ ಗುರುತುಗಳಿರುವ ಕಾಲಾಳಿನ ಅಂಗಿ.

ಬಣ್ಣದ ಆಧಾರಗಳು

ಆ ಯುದ್ಧದಲ್ಲಿ ಭಾಗವಹಿಸಿದ ಬ್ರಿಟಿಷ್ ಅಧಿಕಾರಿಗಳು ಮೈಸೂರಿನ ಕಾಲಾಳುಗಳ ಉಡುಪನ್ನು ವರ್ಣಿಸಿದ್ದಾರೆ: ನೇರಳೆ ಬಣ್ಣದ ಉಣ್ಣೆಯ ಅಂಗಿ, ಅದರ ಮೇಲೆ ವಜ್ರಾಕೃತಿಯ ಬಿಳಿ ಗುರುತುಗಳು, ಕೆಂಪು ರುಮಾಲು, ಸೊಂಟಕ್ಕೆ ಕೆಂಪು ನಡುಪಟ್ಟಿ, ಬರಿದಾದ ಕಾಲು, ಪಾದಕ್ಕೆ ಚಪ್ಪಲಿ, ಕಪ್ಪು ಚರ್ಮದ ಪಟ್ಟಿಗಳು. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯದ ಜೊತೆಗೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಮತ್ತು ಫಿರಂಗಿ ದಳದ ಅಧಿಕಾರಿ ಚಾರ್ಲ್ಸ್ ಗೋಲ್ಡ್ ಇಬ್ಬರೂ ಮೈಸೂರಿನ ಸೈನಿಕರ ಚಿತ್ರಗಳನ್ನು ಬರೆದಿದ್ದಾರೆ, ಮತ್ತು ಗೋಲ್ಡನ ಚಿತ್ರಗಳಲ್ಲಿ ರಾಕೆಟ್ ಹಿಡಿದ ಸೈನಿಕನೂ ಇದ್ದಾನೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿರುವ 1780ರ ಪೊಳ್ಳಿಲೂರು ಯುದ್ಧದ ಚಿತ್ರವನ್ನು ಕಣ್ಣಾರೆ ನೋಡುವುದು ಈ ಕೆಲಸಕ್ಕೆ ಹೊರಡುವವರಿಗೆಲ್ಲ ಲಾಭದಾಯಕ. ದಳಗಳ ಜೋಡಣೆ, ಆನೆ ಕುದುರೆಗಳ ಅಲಂಕಾರ, ಸಾಲುಗಟ್ಟಿ ನಿಂತವರ ಲಯ ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಆದರೆ ಆ ಗೋಡೆಗೆ ನಂತರದ ಕಾಲದಲ್ಲಿ ಮತ್ತೆ ಬಣ್ಣ ಹಚ್ಚಲಾಗಿರುವುದರಿಂದ, ನಿಖರವಾದ ವರ್ಣಕ್ಕೆ ಅದನ್ನೊಂದನ್ನೇ ಪ್ರಮಾಣವೆಂದು ಹಿಡಿಯುವುದು ಸರಿಯಲ್ಲ.

ಆ ಕಾಲದ ಬಟ್ಟೆಗಳಿಗೆ ನೈಸರ್ಗಿಕ ಬಣ್ಣಗಳನ್ನೇ ಹಾಕುತ್ತಿದ್ದರು. ಒಂದು ಬಾರಿ ಅದ್ದಿದ ಬಟ್ಟೆಗೂ ಇನ್ನೊಂದು ಬಾರಿ ಅದ್ದಿದ ಬಟ್ಟೆಗೂ ಛಾಯೆ ಬದಲಾಗುತ್ತಿತ್ತು, ಬಿಸಿಲಿಗೂ ಮಳೆಗೂ ಅದು ಮಾಸುತ್ತಿತ್ತು. ಆದ್ದರಿಂದ "ಸರಿಯಾದ ನೇರಳೆ" ಯಾವುದೆಂದು ವಾರಗಟ್ಟಲೆ ಚರ್ಚಿಸುವುದಕ್ಕಿಂತ, ನೀಲಿಯ ಕಡೆಗೆ ವಾಲಿದ, ತುಸು ಬೂದು ಬೆರೆತ ಒಂದು ನೇರಳೆಯನ್ನು ಆರಿಸಿಕೊಂಡು ಇಡೀ ದಳಕ್ಕೆ ಅದನ್ನೇ ಬಳಸುವುದು ಒಳ್ಳೆಯದು. ಆ ನೇರಳೆ ಉಣ್ಣೆಯ ಬಟ್ಟೆಯಲ್ಲಿ ಕಾಣುವುದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿರಬೇಕು, ಏಕೆಂದರೆ ಬೊಂಬೆ ಚಿಕ್ಕದಾದಷ್ಟೂ ಅದರ ಮೇಲೆ ಬೀಳುವ ಬೆಳಕು ಕಡಿಮೆಯಾಗಿ, ಗಾಢ ಬಣ್ಣಗಳು ದೂರದಿಂದ ಕಪ್ಪಾಗಿಯೇ ಕಾಣುತ್ತವೆ.

ಬಣ್ಣಕ್ಕೆ ಮೊದಲಿನ ಕೆಲಸ

ಬೊಂಬೆಗಳು ಲೋಹದಲ್ಲಿ ಎರಕ ಹೊಯ್ದವಾಗಿರಬಹುದು, ಗಟ್ಟಿ ಪ್ಲಾಸ್ಟಿಕ್‌ನವಾಗಿರಬಹುದು, ಅಥವಾ ಈಗ ಮನೆಮನೆಗೂ ಬರುತ್ತಿರುವ ತ್ರೀಡಿ ಪ್ರಿಂಟರಿನಲ್ಲಿ ರೆಸಿನ್‌ನಿಂದ ಅಚ್ಚಾದವಾಗಿರಬಹುದು. ಎರಕದ ಅಚ್ಚಿನ ಎರಡು ಭಾಗಗಳು ಕೂಡುವಲ್ಲಿ ಉಳಿಯುವ ತೆಳುವಾದ ಗೆರೆಯನ್ನು ಹರಿತವಾದ ಚಾಕುವಿನ ಹಿಂಬದಿಯಿಂದ ಹೆರೆದು, ಸಣ್ಣ ಅರದಿಂದ ಉಜ್ಜಿ ತೆಗೆಯಬೇಕು. ಬಣ್ಣ ಹಚ್ಚಿದ ಮೇಲೆ ಆ ಗೆರೆ ಮೊದಲಿಗಿಂತ ಎದ್ದು ಕಾಣುತ್ತದೆ, ವಾಶ್ (ತಗ್ಗುಗಳಿಗೆ ಇಳಿಯುವ ನೀರಾದ ಗಾಢ ಬಣ್ಣ) ಹಾಕಿದಾಗ ಕಪ್ಪು ದಾರದಂತೆ ಮುಖದ ನಡುವೆಯೇ ಹಾದುಹೋಗುತ್ತದೆ. ನಂತರ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆದು, ಪೂರ್ತಿ ಒಣಗಿಸಬೇಕು. ಅಚ್ಚಿನಿಂದ ಬೊಂಬೆ ಸುಲಭವಾಗಿ ಬಿಡಲೆಂದು ಹಾಕಿದ ಜಿಡ್ಡು ಉಳಿದಿದ್ದರೆ ಬಣ್ಣಕ್ಕೆ ಮೊದಲು ಕೊಡುವ ತಳಲೇಪ, ಅಂದರೆ ಪ್ರೈಮರ್, ಹಿಡಿಯುವುದಿಲ್ಲ.

ರೆಸಿನ್ ಬೊಂಬೆಗಳ ವಿಷಯದಲ್ಲಿ ಎಚ್ಚರ ಬೇಕು. ಪೂರ್ತಿ ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಿದರೆ ಉರಿ ಮತ್ತು ಅಲರ್ಜಿ ಬರುವುದರಿಂದ ನೈಟ್ರೈಲ್ ಕೈಗವಸು ಹಾಕಿಕೊಂಡೇ ಮುಟ್ಟಬೇಕು, ಉಜ್ಜುವಾಗ ಧೂಳು ಉಸಿರಿಗೆ ಸೇರದಂತೆ ಮಾಸ್ಕ್ ಧರಿಸಬೇಕು. ಹಳೆಯ ಲೋಹದ ಬೊಂಬೆಗಳಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಕೆಲಸದ ನಂತರ ಕೈ ತೊಳೆಯದೆ ಊಟಕ್ಕೆ ಕೂರಬಾರದು, ಕುಂಚದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಚೂಪುಗೊಳಿಸುವ ಅಭ್ಯಾಸವನ್ನು ಮೊದಲ ದಿನದಿಂದಲೇ ದೂರವಿಡಬೇಕು.

ಅಂಟಿಸಲು ಲೋಹಕ್ಕೂ ರೆಸಿನ್‌ಗೂ ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಸಾಕು. ಪ್ಲಾಸ್ಟಿಕ್ಕಿಗೆ ಮಾತ್ರ ಅದರ ಮೇಲ್ಮೈಯನ್ನೇ ಕರಗಿಸಿ ಬೆಸೆಯುವ ಪ್ಲಾಸ್ಟಿಕ್ ಸಿಮೆಂಟ್ ಉತ್ತಮ. ತೋಳು ಮತ್ತು ಭುಜದ ನಡುವೆ ಉಳಿಯುವ ಸಂದನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಂ-ಸೀಲ್‌ನಿಂದ ಮುಚ್ಚಬಹುದು. ಹಿಡಿತಕ್ಕೆಂದು ಪ್ರತಿಯೊಂದು ಬೊಂಬೆಯನ್ನೂ ಒಂದು ಬಾಟಲಿಯ ಮುಚ್ಚಳಕ್ಕೆ ತಾತ್ಕಾಲಿಕವಾಗಿ ಅಂಟಿಸಿಕೊಳ್ಳಿ. ಬೆರಳಿನ ಜಿಡ್ಡು ಬಣ್ಣಕ್ಕೆ ತಗಲದಿರಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಪ್ರೈಮರ್ ಎಂಬುದು ಬೊಂಬೆಗೂ ಬಣ್ಣಕ್ಕೂ ನಡುವಿನ ಕೊಂಡಿ. ಸ್ಪ್ರೇ ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸಿ, 20ರಿಂದ 30 ಸೆಂ.ಮೀ. ದೂರದಿಂದ, ಬೊಂಬೆಯ ಪಕ್ಕದಿಂದ ಶುರುಮಾಡಿ ಅದನ್ನು ದಾಟಿ ಹೋಗುವಂತೆ ಚಿಕ್ಕ ಚಿಕ್ಕ ಬೀಸುಗಳಲ್ಲಿ ಸಿಂಪಡಿಸಬೇಕು. ನಮ್ಮ ಹವಾಮಾನದಲ್ಲಿ ಇಲ್ಲಿ ಎರಡು ತೊಂದರೆಗಳಿವೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಗಾಳಿಯ ತೇವದಿಂದ ಪ್ರೈಮರೂ ವಾರ್ನಿಷೂ ಮಂಜು ಕವಿದಂತೆ ಬಿಳಿಚಿಕೊಳ್ಳುತ್ತವೆ. ಬೇಸಿಗೆಯ ಮಧ್ಯಾಹ್ನದಲ್ಲಾದರೆ ಹನಿಗಳು ಬೊಂಬೆಯನ್ನು ತಲುಪುವ ಮೊದಲೇ ಒಣಗಿ ಮೇಲ್ಮೈ ಉಪ್ಪುಕಾಗದದಂತೆ ತರಿತರಿಯಾಗುತ್ತದೆ. ಹೊಳವಾದ ದಿನದ ಬೆಳಗಿನ ಹೊತ್ತು ಮಹಡಿಯ ಮೇಲೆ ಈ ಕೆಲಸ ಮುಗಿಸಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ಊರುಗಳಲ್ಲಿರುವವರು ಕುಂಚದಿಂದ ಹಚ್ಚುವ ಪ್ರೈಮರನ್ನು ಬಳಸುವುದು ಲೇಸು. ಮೈಸೂರಿನ ಕಾಲಾಳುಗಳಿಗೆ ನಾನು ಬೂದು ಪ್ರೈಮರನ್ನೇ ಶಿಫಾರಸು ಮಾಡುತ್ತೇನೆ. ಕಪ್ಪಿನ ಮೇಲೆ ನೇರಳೆಯೂ ಕೆಂಪೂ ಮಂಕಾಗುತ್ತವೆ, ಬಿಳಿಯ ಮೇಲೆ ಮರೆತುಹೋದ ಮೂಲೆಗಳು ದೂರದಿಂದಲೇ ಇಣುಕುತ್ತವೆ.

ಕುಂಚ, ಬಣ್ಣ, ಫ್ಯಾನು

ಬಣ್ಣಗಳು ನೀರಿನಲ್ಲಿ ಕರಗುವ ಅಕ್ರಿಲಿಕ್ ಆಗಿರಬೇಕು. ಸ್ಪೇನಿನ ವಲ್ಲೆಹೋ, ಬ್ರಿಟನ್ನಿನ ಸಿಟಡೆಲ್, ಡೆನ್ಮಾರ್ಕಿನ ಆರ್ಮಿ ಪೇಂಟರ್ ಇವೆಲ್ಲ ಮಿನಿಯೇಚರ್‌ಗಾಗಿಯೇ ತಯಾರಾಗುವಂಥವು. ಇವುಗಳಲ್ಲಿ ವರ್ಣದ ಕಣಗಳನ್ನು ಬಹಳ ನುಣ್ಣಗೆ ಅರೆದಿರುವುದರಿಂದ ತೆಳುವಾದ ಲೇಪದಲ್ಲಿಯೂ ಬಣ್ಣ ಮುಚ್ಚುತ್ತದೆ. ಸ್ಟೇಷನರಿ ಅಂಗಡಿಯ ಚಿತ್ರಕಲೆಯ ಅಕ್ರಿಲಿಕ್ ಬಣ್ಣವನ್ನು ಮುಖಕ್ಕೂ ಅಂಗಿಗೂ ಬಳಸಿದರೆ ದಪ್ಪಗಾಗಿ ಕೆತ್ತನೆ ಮುಚ್ಚಿಹೋಗುತ್ತದೆ, ಆದರೆ ಕಾಲಡಿಯ ನೆಲಕ್ಕೆ ಅದು ಧಾರಾಳವಾಗಿ ಸಾಕು. ಹಣ ಉಳಿಸಬೇಕಾದವರು ಅಲ್ಲಿ ಉಳಿಸಲಿ.

ಬಣ್ಣವನ್ನು ಶೀಶೆಯಿಂದ ನೇರವಾಗಿ ಹಚ್ಚದೆ, ನೀರು ಬೆರೆಸಿ ಹಾಲಿನ ಹದಕ್ಕೆ ತಂದು, ಒಂದು ದಪ್ಪ ಲೇಪದ ಬದಲು ಎರಡು ತೆಳು ಲೇಪಗಳನ್ನು ಕೊಡಬೇಕು. ನಮ್ಮ ಮನೆಗಳಲ್ಲಿ ತಲೆಯ ಮೇಲೆ ತಿರುಗುವ ಫ್ಯಾನು ಬಣ್ಣವನ್ನು ತಟ್ಟೆಯಲ್ಲಿಯೇ ಒಣಗಿಸಿಬಿಡುತ್ತದೆ. ಅದಕ್ಕೆ ಪರಿಹಾರ ಒದ್ದೆ ಪ್ಯಾಲೆಟ್: ಗಾಳಿಯಾಡದ ಮುಚ್ಚಳವಿರುವ ಚಪ್ಪಟೆ ಡಬ್ಬಿಯ ತಳದಲ್ಲಿ ತೆಳುವಾದ ಸ್ಪಂಜನ್ನು ಹಾಸಿ, ಅದು ಪೂರ್ತಿ ನೆನೆಯುವಷ್ಟು ನೀರು ಹಾಕಿ, ಮೇಲೆ ಬೇಕಿಂಗ್‌ಗೆ ಬಳಸುವ ಕಾಗದವನ್ನು ಹರಡಿ, ಆ ಕಾಗದದ ಮೇಲೆ ಬಣ್ಣ ಕಲಸುವುದು. ಮುಚ್ಚಳ ಹಾಕಿಟ್ಟರೆ ಮರುದಿನವೂ ಬಣ್ಣ ಹಸಿಯಾಗಿಯೇ ಇರುತ್ತದೆ. ಮೇಣ ಸವರಿದ ಕಾಗದ ಇದಕ್ಕೆ ಆಗದು, ಅದು ನೀರನ್ನು ಮೇಲಕ್ಕೆ ಬಿಡುವುದಿಲ್ಲ.

ಕುಂಚಗಳಲ್ಲಿ 1 ಮತ್ತು 2ನೆಯ ಸಂಖ್ಯೆಯ ಎರಡು ಒಳ್ಳೆಯ ಕುಂಚಗಳಿದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಕೋಲಿನ್ಸ್ಕಿ ಎಂಬ ಸಣ್ಣ ಪ್ರಾಣಿಯ ಕೂದಲಿನವು ದುಬಾರಿಯಾದರೂ ತುದಿಯನ್ನು ಬಹುಕಾಲ ಉಳಿಸಿಕೊಳ್ಳುತ್ತವೆ. ಬಣ್ಣವು ಕೂದಲಿನ ಅರ್ಧಕ್ಕಿಂತ ಮೇಲೆ, ಲೋಹದ ಕಟ್ಟಿನ ಕಡೆಗೆ ಏರದಂತೆ ನೋಡಿಕೊಳ್ಳಬೇಕು, ಏರಿ ಒಣಗಿದರೆ ಕೂದಲು ಕವಲೊಡೆದು ಆ ಕುಂಚ ಮತ್ತೆ ಚೂಪಾಗುವುದಿಲ್ಲ. ಲೋಹದ ಹೊಳಪಿನ ಬಣ್ಣಕ್ಕೂ ಡ್ರೈಬ್ರಶ್‌ಗೂ (ಬಹುತೇಕ ಒಣಗಿದ ಕುಂಚದಿಂದ ಉಬ್ಬುಗಳಿಗೆ ಮಾತ್ರ ಬಣ್ಣ ತಾಗಿಸುವುದಕ್ಕೂ) ಅಗ್ಗದ ಸಿಂಥೆಟಿಕ್ ಕುಂಚಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ. ತೊಳೆಯುವ ನೀರಿನ ಲೋಟವೂ ಲೋಹದ ಬಣ್ಣಕ್ಕೆ ಬೇರೆಯೇ ಇರಲಿ, ಇಲ್ಲವಾದರೆ ಅದರ ಮಿನುಗುವ ಕಣಗಳು ಸೈನಿಕನ ಕೆನ್ನೆಯ ಮೇಲೆ ಬಂದು ಕೂರುತ್ತವೆ.

ಸಾಲಿನಲ್ಲಿ ಹಚ್ಚುವ ಕ್ರಮ

24 ಜನರ ಒಂದು ದಳವನ್ನು ಎಂಟೆಂಟು ಜನರ ಮೂರು ತಂಡಗಳಾಗಿ ವಿಂಗಡಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಅಳತೆ. ಎಂಟನೆಯವನಿಗೆ ಬಣ್ಣ ಹಚ್ಚಿ ಮುಗಿಸುವಷ್ಟರಲ್ಲಿ ಮೊದಲನೆಯವನ ಬಣ್ಣ ಒಣಗಿ ಎರಡನೆಯ ಲೇಪಕ್ಕೆ ಸಿದ್ಧವಾಗಿರುತ್ತದೆ. ಇನ್ನೂ ಹೆಚ್ಚು ಜನರನ್ನು ಒಟ್ಟಿಗೆ ಹಿಡಿದರೆ ಒಂದೇ ಬಣ್ಣದ ಕೆಲಸ ಮುಗಿಯದಂತೆನಿಸಿ ಉತ್ಸಾಹ ಕುಂದುತ್ತದೆ. ಒಂದು ಬಣ್ಣವನ್ನು ಎಂಟೂ ಜನರಿಗೆ ಹಚ್ಚಿ ಮುಗಿಸಿದ ನಂತರವೇ ಮುಂದಿನ ಬಣ್ಣದ ಶೀಶೆ ತೆರೆಯಬೇಕು. ಒಳಗಿನಿಂದ ಹೊರಕ್ಕೆ ಎಂಬುದು ನಿಯಮ: ಮೊದಲು ಮೈ, ಆಮೇಲೆ ಮೈಗೆ ಅಂಟಿದ ಬಟ್ಟೆ, ಅದರ ಮೇಲಿನ ಪಟ್ಟಿ, ಕೊನೆಗೆ ಕೈಯಲ್ಲಿ ಹಿಡಿದ ಬಂದೂಕು. ಹೀಗೆ ಮಾಡಿದರೆ ಆಳದಲ್ಲಿರುವ ಭಾಗಕ್ಕೆ ಹಚ್ಚುವಾಗ ಹೊರಗೆ ತಾಗಿದ ಬಣ್ಣವು ಮುಂದಿನ ಹಂತದಲ್ಲಿ ತಾನಾಗಿಯೇ ಮುಚ್ಚಿಹೋಗುತ್ತದೆ.

ಮೈಬಣ್ಣದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. "ಫ್ಲೆಶ್" ಎಂಬ ಹೆಸರಿನಲ್ಲಿ ಮಾರಾಟವಾಗುವ ಬಣ್ಣಗಳು ಬಹುಪಾಲು ಐರೋಪ್ಯರ ನಸುಗೆಂಪು ಚರ್ಮಕ್ಕಾಗಿ ಮಾಡಿದವು. ಅವಕ್ಕೆ ಕಂದು ವಾಶ್ ಸುರಿದು ದಕ್ಷಿಣದ ಜನರನ್ನು ಮಾಡಲು ಹೊರಟರೆ ಕೊಳೆಯಾದ ಐರೋಪ್ಯರೇ ಕಾಣುತ್ತಾರೆ. ಕೆಂಪು ಛಾಯೆಯ ಗಾಢ ಕಂದಿನಿಂದ ಶುರುಮಾಡಿ, ಅದಕ್ಕೆ ಕಾವಿ ಹಳದಿಯನ್ನೂ ತುಸು ಕಿತ್ತಳೆಯನ್ನೂ ಬೆರೆಸಿ ಮೂಗು, ಕೆನ್ನೆ, ಗದ್ದ, ಬೆರಳ ಗಂಟು, ಮಂಡಿ ಮತ್ತು ಮೀನಖಂಡಗಳ ಮೇಲೆ ತಿಳಿಗೊಳಿಸಬೇಕು. ಬಿಳಿಯನ್ನು ಬೆರೆಸಬಾರದು, ಚರ್ಮ ಬೂದಿ ಬಳಿದಂತಾಗುತ್ತದೆ. ಎಂಟು ಜನರಲ್ಲಿ ಇಬ್ಬರಿಗೆ ಒಂದು ಪಾಲು ಹೆಚ್ಚು ಗಾಢವಾದ, ಇಬ್ಬರಿಗೆ ಒಂದು ಪಾಲು ತಿಳಿಯಾದ ಮಿಶ್ರಣವನ್ನು ಕೊಟ್ಟರೆ ದಳದಲ್ಲಿ ಜೀವ ಬರುತ್ತದೆ. ಸಮವಸ್ತ್ರ ಒಂದೇ ಆಗಿರುವಾಗ ಮುಖಗಳಾದರೂ ಬೇರೆ ಬೇರೆಯಾಗಿರಬೇಕು. ಕಾಲುಗಳು ಬರಿದಾಗಿರುವ ಈ ಸೈನಿಕರಲ್ಲಿ ಚರ್ಮವು ಬೊಂಬೆಯ ಗಣನೀಯ ಭಾಗವಾಗಿರುವುದರಿಂದ ಇಲ್ಲಿ ವ್ಯಯಿಸಿದ ಸಮಯ ವ್ಯರ್ಥವಾಗುವುದಿಲ್ಲ.

ಚರ್ಮದ ನಂತರ ಅಂಗಿಯ ನೇರಳೆ. ಇದನ್ನು ಪ್ರತಿ ಬಾರಿ ಕಣ್ಣಂದಾಜಿನಲ್ಲಿ ಬೆರೆಸದೆ, ಇಡೀ ಸೈನ್ಯಕ್ಕೆ ಸಾಕಾಗುವಷ್ಟನ್ನು ಒಂದೇ ಸಲ ಬೆರೆಸಿ ಖಾಲಿ ಡ್ರಾಪರ್ ಶೀಶೆಯಲ್ಲಿ ತುಂಬಿಸಿಡಿ. ಮೂರು ತಿಂಗಳ ನಂತರ ಎರಡನೆಯ ದಳವನ್ನು ಶುರುಮಾಡಿದಾಗ ಅದೇ ಛಾಯೆಯನ್ನು ಮತ್ತೆ ಹಿಡಿಯುವುದು ಎಷ್ಟೇ ಪಳಗಿದ ಕೈಗೂ ಕಷ್ಟ. ರುಮಾಲು ಮತ್ತು ನಡುಪಟ್ಟಿಯ ಕೆಂಪು ಬಣ್ಣ ಸ್ವಭಾವತಃ ಚೆನ್ನಾಗಿ ಮುಚ್ಚುವುದಿಲ್ಲ. ಬೂದಿನ ಮೇಲೆ ನೇರವಾಗಿ ಹಚ್ಚಿದರೆ ನಾಲ್ಕೈದು ಲೇಪ ಬೇಕಾಗುತ್ತದೆ, ಮೊದಲು ಇಟ್ಟಿಗೆ ಬಣ್ಣದ ಒಂದು ಲೇಪ ಕೊಟ್ಟರೆ ಮೇಲಿನ ಕೆಂಪು ಎರಡೇ ಲೇಪದಲ್ಲಿ ತುಂಬಿಬರುತ್ತದೆ. ಪಟ್ಟಿ ಮತ್ತು ತೋಟಾಚೀಲಗಳಿಗೆ ಅಪ್ಪಟ ಕಪ್ಪಿನ ಬದಲು ಬಹು ಗಾಢವಾದ ಬೂದನ್ನು ಹಚ್ಚಿದರೆ, ಮುಂದೆ ವಾಶ್ ಇಳಿದಾಗ ಅಂಚುಗಳು ತಾವೇ ಉಳಿದು ಚರ್ಮದ ರೂಪ ಕಾಣುತ್ತದೆ. ಬಂದೂಕಿನ ಮರಕ್ಕೆ ಕೆಂಗಂದು, ನಳಿಕೆಗೆ ಉಕ್ಕಿನ ಬಣ್ಣ. ಇವುಗಳ ಮೇಲೆ ಹೆಚ್ಚು ಹೊತ್ತು ಕೂರಬೇಕಾಗಿಲ್ಲ.

ಮೂಲ ಬಣ್ಣಗಳೆಲ್ಲ ಒಣಗಿದ ಮೇಲೆ ವಾಶ್, ಅಂದರೆ ತಗ್ಗುಗಳಿಗೆ ಇಳಿದು ನೆರಳು ಮೂಡಿಸುವ ನೀರಾದ ಗಾಢ ಬಣ್ಣ. ಚರ್ಮಕ್ಕೂ ಮರಕ್ಕೂ ಕೆಂಪಿಗೂ ಕಂದು ವಾಶ್, ನೇರಳೆಗೆ ನೀಲಿ-ಕಪ್ಪು ವಾಶ್ ಹಾಕಿ, ಚಪ್ಪಟೆ ಜಾಗಗಳಲ್ಲಿ ನಿಂತ ಹನಿಯನ್ನು ಒದ್ದೆ ಕುಂಚದ ತುದಿಯಿಂದ ಹೀರಿ ತೆಗೆಯಬೇಕು, ಇಲ್ಲವಾದರೆ ಒಣಗಿದ ಮೇಲೆ ಕಾಫಿಯ ಕಲೆಯಂಥ ಉಂಗುರ ಉಳಿಯುತ್ತದೆ. ವಾಶ್ ಪೂರ್ತಿ ಒಣಗಲು ಕನಿಷ್ಠ ಅರ್ಧ ಗಂಟೆ, ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು ಕಾಯಬೇಕು. ನಂತರ ಮೂಲ ಬಣ್ಣವನ್ನೇ ಮಡಿಕೆಗಳ ಉಬ್ಬಿನ ಮೇಲೆ ಮತ್ತೊಮ್ಮೆ ಸವರಿ, ಅದಕ್ಕಿಂತ ತಿಳಿಯಾದ ಒಂದೇ ಒಂದು ಹೈಲೈಟನ್ನು ಅತಿ ಎತ್ತರದ ಅಂಚುಗಳಿಗೆ ಕೊಡಿ. ಕೆಂಪನ್ನು ತಿಳಿಗೊಳಿಸಲು ಕಿತ್ತಳೆಯನ್ನು ಬೆರೆಸಬೇಕು, ಬಿಳಿ ಬೆರೆಸಿದರೆ ಗುಲಾಬಿಯಾಗುತ್ತದೆ. ಸ್ಪರ್ಧೆಗೆ ಕಳಿಸುವ ಬೊಂಬೆಗೆ ಐದಾರು ಹಂತದ ಹೈಲೈಟ್ ಕೊಡುವುದುಂಟು, ಆದರೆ ಮೇಜಿನ ದೂರದಿಂದ ನೋಡುವಾಗ ಅವೆಲ್ಲ ಒಂದರೊಳಗೊಂದು ಬೆರೆತು ಮಾಯವಾಗುತ್ತವೆ. ಒಂದು ನೆರಳು, ಒಂದು ಮೂಲ, ಒಂದು ಧೈರ್ಯದ ಹೈಲೈಟ್ ಸೈನ್ಯಕ್ಕೆ ಸಾಕು.

ಹುಲಿ ಅಂಗಿ

ಈಗ ಬರುವುದು ಈ ಸೈನ್ಯವನ್ನು ಬೇರೆಲ್ಲ ಸೈನ್ಯಗಳಿಂದ ಬೇರೆಯಾಗಿಸುವ ಕೆಲಸ, ಮತ್ತು ಇದನ್ನು ವಾಶ್ ಮತ್ತು ಹೈಲೈಟುಗಳ ನಂತರವೇ ಮಾಡಬೇಕು. ಮೊದಲೇ ಬಿಳಿ ಗುರುತುಗಳನ್ನು ಬರೆದು ಮೇಲೆ ವಾಶ್ ಹಾಕಿದರೆ ಬಿಳಿ ಮಾಸಿ ಇಡೀ ಪರಿಣಾಮ ಹಾಳಾಗುತ್ತದೆ.

ಗುರುತಿನ ಅಳತೆಯನ್ನು ಮೊದಲು ತೀರ್ಮಾನಿಸಿಕೊಳ್ಳಿ. ಬಟ್ಟೆಯ ಮೇಲೆ ಮೂರು ಸೆಂಟಿಮೀಟರಿನ ಗುರುತಿದ್ದರೆ, ಬೊಂಬೆಯ ಮೇಲೆ ಅದು ಅರ್ಧ ಮಿಲಿಮೀಟರ್ ಆಗಬೇಕು. ಅಷ್ಟು ಚಿಕ್ಕದನ್ನು ಬರೆದರೂ ಒಂದು ಮೀಟರ್ ದೂರದಿಂದ ನೇರಳೆ ಅಂಗಿಯು ಬೂದು ಅಂಗಿಯಾಗಿ ಕಾಣುತ್ತದೆಯೇ ಹೊರತು ಹುಲಿಯ ಗುರುತು ಕಾಣುವುದಿಲ್ಲ. ಆದ್ದರಿಂದ ಗುರುತನ್ನು ಒಂದು ಮಿಲಿಮೀಟರಿಗಿಂತ ತುಸು ದೊಡ್ಡದಾಗಿ, ಸಂಖ್ಯೆಯಲ್ಲಿ ಕಡಿಮೆಯಾಗಿ ಬರೆಯುವುದೇ ಸತ್ಯಕ್ಕೆ ಹತ್ತಿರವಾದ ದಾರಿ. ಎದೆಯ ಮೇಲೆ ಎರಡು ಮೂರು ಸಾಲು, ಬೆನ್ನಿನ ಮೇಲೆ ಅಷ್ಟೇ, ಪ್ರತಿ ತೋಳಿನ ಹೊರಬದಿಗೆ ಮೂರು ನಾಲ್ಕು, ಹೀಗೆ ಒಬ್ಬನಿಗೆ ಸುಮಾರು 20 ಗುರುತುಗಳು ಸಾಕು. 24 ಜನರಿಗೆ ಅದೇ 480 ಗುರುತುಗಳಾಗುತ್ತವೆ ಎಂಬುದನ್ನು ನೆನಪಿಟ್ಟು, ಒಂದು ಕೂರಿಕೆಯಲ್ಲಿ ಒಂದು ತಂಡಕ್ಕಿಂತ ಹೆಚ್ಚು ಮಾಡಲು ಹೋಗಬೇಡಿ. ದಣಿದ ಕೈಯ ಗುರುತುಗಳು ದಣಿದಂತೆಯೇ ಕಾಣುತ್ತವೆ.

ಬಣ್ಣ ಅಚ್ಚ ಬಿಳಿಯಾಗಿರದೆ ದಂತದ ಬಣ್ಣವಾಗಿರಲಿ, ಮತ್ತು ಉಳಿದ ಬಣ್ಣಗಳಿಗಿಂತ ಒಂದು ಹನಿ ನೀರು ಹೆಚ್ಚು ಬೆರೆತಿರಲಿ. ಇಂಥ ಸೂಕ್ಷ್ಮ ಕೆಲಸಕ್ಕೆ ಮೂರು ಸೊನ್ನೆಯ ಅತಿ ಚಿಕ್ಕ ಕುಂಚ ಬೇಕೆಂದು ಹಲವರು ಭಾವಿಸುತ್ತಾರೆ. ಆದರೆ ಅಷ್ಟು ಚಿಕ್ಕ ಕುಂಚದಲ್ಲಿ ನಿಲ್ಲುವ ಬಣ್ಣ ಬೊಂಬೆಯನ್ನು ಮುಟ್ಟುವಷ್ಟರಲ್ಲಿ ಒಣಗಿಬಿಡುತ್ತದೆ. ಚೂಪಾದ ತುದಿಯಿರುವ 1ನೆಯ ಸಂಖ್ಯೆಯ ಕುಂಚವೇ ಮೇಲು, ಅದರ ಹೊಟ್ಟೆಯಲ್ಲಿ ಬಣ್ಣ ಉಳಿಯುತ್ತದೆ ಮತ್ತು ತುದಿ ಮಾತ್ರ ಬರೆಯುತ್ತದೆ. ಬಣ್ಣದಲ್ಲಿ ಅದ್ದಿ, ಟಿಶ್ಯೂ ಕಾಗದದ ಮೇಲೆ ಒಮ್ಮೆ ಒರೆಸಿ, ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗುರುತು ಬರೆದು ಹರಿವನ್ನು ಪರೀಕ್ಷಿಸಿ, ಆಮೇಲೆ ಅಂಗಿಯ ಮೇಲೆ ತುದಿಯನ್ನು ಇಟ್ಟು, ತುಸು ಒತ್ತಿ, ಕೆಳಕ್ಕೆ ಎಳೆಯುತ್ತ ಎತ್ತಿದರೆ ಮೇಲೆ ಅಗಲವಾಗಿ ಕೆಳಗೆ ಚೂಪಾದ ಗುರುತು ಮೂಡುತ್ತದೆ. ಬೊಂಬೆಯನ್ನು ತಲೆಕೆಳಗು ಮಾಡಿ ಅದೇ ಜಾಗದಿಂದ ಇನ್ನೊಂದು ಎಳೆತ ಕೊಟ್ಟರೆ ವಜ್ರಾಕೃತಿ ಪೂರ್ಣವಾಗುತ್ತದೆ. ಎರಡೂ ಅಂಗೈಗಳ ಬುಡವನ್ನು ಒಂದಕ್ಕೊಂದು ಒತ್ತಿ, ಮೊಣಕೈಗಳನ್ನು ಮೇಜಿನ ಮೇಲೆ ಊರಿದರೆ ಕೈ ನಡುಗುವುದಿಲ್ಲ.

ಸಾಲುಗಳನ್ನು ಒಂದರ ಕೆಳಗೊಂದು ನೇರವಾಗಿ ಇಡದೆ, ಮೇಲಿನ ಸಾಲಿನ ಎರಡು ಗುರುತುಗಳ ನಡುವಿನ ಜಾಗಕ್ಕೆ ಕೆಳಗಿನ ಸಾಲಿನ ಗುರುತು ಬರುವಂತೆ ಇಡಬೇಕು. ಎದೆಯ ನಡುಗೆರೆಯಿಂದ ಶುರುಮಾಡಿ ಎರಡೂ ಪಕ್ಕಗಳಿಗೆ ಹೋದರೆ ಸಾಲು ವಾಲುವುದಿಲ್ಲ. ಆಳವಾದ ಮಡಿಕೆಯ ಒಳಗೆ ಗುರುತು ಬರೆಯಬೇಡಿ, ಮಡಿಕೆಯ ಅಂಚಿನಲ್ಲಿ ಅರ್ಧ ಗುರುತು ಬಂದು ಅಲ್ಲಿಯೇ ಮರೆಯಾದರೆ ಬಟ್ಟೆ ಮಡಿಚಿದಂತೆ ಸಹಜವಾಗಿ ಕಾಣುತ್ತದೆ. ಚರ್ಮದ ಪಟ್ಟಿಯ ಕೆಳಗೆ ಹಾದುಹೋಗುವ ಗುರುತೂ ಹಾಗೆಯೇ. ಯಾವುದಾದರೂ ಗುರುತು ದಪ್ಪವಾದರೆ ಅದನ್ನು ಅಳಿಸಲು ಹೋಗದೆ, ಒಣಗಿದ ಮೇಲೆ ನೇರಳೆಯಿಂದ ಅದರ ಅಂಚನ್ನು ಕತ್ತರಿಸಿದಂತೆ ತಿದ್ದಬೇಕು. ಹುಲಿ ಅಂಗಿಯ ಚೂಪು ಬರುವುದು ಬಹುತೇಕ ಈ ತಿದ್ದುವಿಕೆಯಿಂದಲೇ.

ಬೆನ್ನಿನ ಕಡೆಯ ಕೆಲಸವನ್ನು ಅವಸರದಲ್ಲಿ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಆಟದ ಹೊತ್ತಿನಲ್ಲಿ ಎದುರಾಳಿಗೆ ಕಾಣುವುದು ನಿಮ್ಮ ಸೈನಿಕರ ಎದೆ, ನಿಮಗೆ ಗಂಟೆಗಟ್ಟಲೆ ಕಾಣುವುದು ಅವರ ಬೆನ್ನು. ಬೆನ್ನಿಗೂ ಎದೆಯಷ್ಟೇ ಗೌರವ ಸಲ್ಲಬೇಕು.

ರಾಕೆಟ್ ಮತ್ತು ಎತ್ತುಗಳು

ಮೈಸೂರಿನ ರಾಕೆಟ್ ಎಂದರೆ ಮದ್ದು ತುಂಬಿದ ಕಬ್ಬಿಣದ ಕೊಳವೆಯನ್ನು ಉದ್ದನೆಯ ಬಿದಿರಿಗೆ ಕಟ್ಟಿದ ಆಯುಧ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಹಳೆಯ ಬಾವಿಯೊಂದನ್ನು ಅಗೆದಾಗ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ಅವು ಇಂದು ತುಕ್ಕಿನಿಂದ ಕೆಂಗಂದಾಗಿದ್ದರೂ ಯುದ್ಧದ ಹೊತ್ತಿಗೆ ಹೊಸ ಕಬ್ಬಿಣವಾಗಿದ್ದವು, ಆದ್ದರಿಂದ ಗಾಢ ಉಕ್ಕಿನ ಬಣ್ಣಕ್ಕೆ ಕಪ್ಪು ವಾಶ್ ಹಾಕಿದರೆ ಸರಿಹೋಗುತ್ತದೆ. ಬೊಂಬೆಯ ಜೊತೆ ಬರುವ ಬಿದಿರು ಬಾಗಿದ್ದರೆ ಅದನ್ನು ಕತ್ತರಿಸಿ ತೆಗೆದು ತೆಳುವಾದ ಹಿತ್ತಾಳೆ ತಂತಿಯನ್ನೋ ಪೊರಕೆಯ ಕಡ್ಡಿಯನ್ನೋ ಅಂಟಿಸಬಹುದು. ಮೇಲೆ ಒಣಹುಲ್ಲಿನ ಹಳದಿ ಹಚ್ಚಿ, ಗಿಣ್ಣುಗಳಿರುವಲ್ಲಿ ಕಂದು ಗೆರೆಗಳನ್ನು ಎಳೆದರೆ ಅದು ಬಿದಿರೇ ಆಗುತ್ತದೆ.

ಫಿರಂಗಿ ಎಳೆಯುವ ಎತ್ತುಗಳನ್ನು ಐರೋಪ್ಯ ಬೊಂಬೆಗಳ ಕಂದು ಎತ್ತುಗಳಂತೆ ಬಣ್ಣಗೊಳಿಸಿದರೆ ಇಡೀ ಸೈನ್ಯದ ನೆಲೆಯೇ ತಪ್ಪಿಹೋಗುತ್ತದೆ. ಮೈಸೂರು ಅರಸರು ಸೈನ್ಯದ ಸಾಗಣೆಗಾಗಿಯೇ ಸಾಕಿ ಬೆಳೆಸಿದ ಅಮೃತಮಹಲ್ ತಳಿಯ ದನಗಳು ಬೂದು ಬಣ್ಣದವು, ಬಹುತೇಕ ಬಿಳಿಯಿಂದ ಕಪ್ಪಿಗೆ ಹತ್ತಿರದ ಬೂದಿನವರೆಗೆ ಅವುಗಳಲ್ಲಿ ಛಾಯೆಗಳಿವೆ. ತಲೆ, ಕತ್ತು, ಹಿಣಿಲು ಮತ್ತು ಹಿಂಭಾಗ ಮೈಗಿಂತ ಗಾಢವಾಗಿರುತ್ತವೆ, ಹಿಂದಕ್ಕೆ ಬಾಗಿ ಮೇಲೇರುವ ಉದ್ದನೆಯ ಕೊಂಬುಗಳ ತುದಿ ಕಪ್ಪಾಗಿರುತ್ತದೆ. ತಿಳಿಬೂದನ್ನು ಮೈಗೆಲ್ಲ ಹಚ್ಚಿ, ಒಣಕುಂಚದಿಂದ ಬಿಳಿಯನ್ನು ಬೆನ್ನು ಪಕ್ಕೆಗಳ ಮೇಲೆ ಸವರಿ, ಗಾಢ ಬೂದಿನ ನೀರಾದ ಲೇಪವನ್ನು ಕತ್ತು ಮತ್ತು ಹಿಣಿಲಿಗೆ ಎರಡು ಮೂರು ಬಾರಿ ಕೊಟ್ಟರೆ ಬಣ್ಣ ಒಂದರಿಂದ ಒಂದಕ್ಕೆ ಮೆಲ್ಲನೆ ಇಳಿಯುತ್ತದೆ. ಈ ಎತ್ತುಗಳು ಬರಿಯ ಅಲಂಕಾರವಲ್ಲ. 1791ರ ಮೇ ತಿಂಗಳಲ್ಲಿ ಅರಕೆರೆಯ ಕದನದ ನಂತರ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಳಿಯಿಂದ ಹಿಂದಿರುಗಬೇಕಾಗಿ ಬಂದಾಗ, ಅವನ ಸೈನ್ಯದ ಎತ್ತುಗಳು ಸತ್ತು ದೊಡ್ಡ ಫಿರಂಗಿಗಳನ್ನು ನಾಶಮಾಡಿ ಬಿಟ್ಟುಹೋಗಬೇಕಾಯಿತು. ಆಟದಲ್ಲಿಯೂ ಎತ್ತುಗಳಿಗೆ ಒಂದು ಪಾತ್ರವಿದ್ದರೆ ಚೆನ್ನ.

ಕಾಲಡಿಯ ನೆಲ

ಸೈನ್ಯವನ್ನು ಒಂದಾಗಿ ಹಿಡಿದಿಡುವುದು ಬೇಸ್, ಅಂದರೆ ಬೊಂಬೆ ನಿಲ್ಲುವ ಪುಟ್ಟ ತಟ್ಟೆ. ಬಣ್ಣದಲ್ಲಿ ಸಾಧಾರಣವಾಗಿರುವ ದಳವೂ ಒಳ್ಳೆಯ ಬೇಸ್‌ಗಳ ಮೇಲೆ ನಿಂತರೆ ಎದ್ದು ಕಾಣುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಹಚ್ಚಹಸಿರು ಕೃತಕ ಹುಲ್ಲು ಇಂಗ್ಲೆಂಡಿನ ಹುಲ್ಲುಗಾವಲಿಗೆ ಸರಿ, ಕಾವೇರಿ ಬಯಲಿನ ಈ ಯುದ್ಧಗಳಿಗೆ ಅಲ್ಲ. ಬೆಂಗಳೂರಿನ ಕೋಟೆ ಬಿದ್ದದ್ದು 1791ರ ಮಾರ್ಚ್‌ನಲ್ಲಿ, ಶ್ರೀರಂಗಪಟ್ಟಣದ ಹೊರಸಾಲಿನ ಮೇಲೆ ರಾತ್ರಿಯ ದಾಳಿ ನಡೆದದ್ದು 1792ರ ಫೆಬ್ರವರಿ 6ರಂದು. ನಾಲ್ಕನೆಯ ಯುದ್ಧವನ್ನು ಆಡುವವರಿಗೆ ಕೋಟೆಗೆ ಲಗ್ಗೆ ಬಿದ್ದ ದಿನ 1799ರ ಮೇ 4. ಮೂರೂ ಬೇಸಿಗೆಯ ಆಸುಪಾಸಿನವು, ಹುಲ್ಲು ಒಣಗಿ ಹಳದಿಯಾಗುವ ಕಾಲ. ಅರಕೆರೆಯನ್ನು ಆಡುವುದಾದರೆ ಮಾತ್ರ ಮೊದಲ ಮಳೆಗೆ ನೆನೆದ ಗಾಢ ಕೆಮ್ಮಣ್ಣು ಸರಿಹೊಂದುತ್ತದೆ.

ಫೆವಿಕಾಲ್‌ಗೆ ತುಸು ನೀರು ಬೆರೆಸಿ ಬೇಸ್‌ನ ಮೇಲೆ ಹಚ್ಚಿ, ಜರಡಿ ಹಿಡಿದು ತೊಳೆದು ಒಣಗಿಸಿದ ಮರಳಿನಲ್ಲಿ ಅದ್ದಿ ಒಂದು ರಾತ್ರಿ ಬಿಡಿ. ಅಲ್ಲಲ್ಲಿ ಒಂದೆರಡು ದೊಡ್ಡ ಹರಳುಗಳಿದ್ದರೆ ಆ ಸೀಮೆಯ ಬಂಡೆಗಳ ನೆನಪಾಗುತ್ತದೆ, ಅವಕ್ಕೆ ಗ್ರಾನೈಟಿನ ಬೂದು ಹಚ್ಚಿ. ಮಣ್ಣಿಗೆ ಮೊದಲು ಗಾಢ ಕೆಂಗಂದು, ಅದರ ಮೇಲೆ ಡ್ರೈಬ್ರಶ್‌ನಲ್ಲಿ ಇಟ್ಟಿಗೆ ಬಣ್ಣ, ಕೊನೆಗೆ ಬಹಳ ಮೆಲ್ಲಗೆ ಒಣ ಧೂಳಿನ ತಿಳಿಗಂದು. ಡ್ರೈಬ್ರಶ್ ಎಂದರೆ ಕುಂಚದ ಬಣ್ಣವನ್ನು ಬಟ್ಟೆಯ ಮೇಲೆ ಒರೆಸಿ ಬಹುತೇಕ ಖಾಲಿ ಮಾಡಿ, ಉಳಿದ ಕಣಗಳನ್ನು ಉಬ್ಬುಗಳ ಮೇಲೆ ಮಾತ್ರ ತಾಗಿಸುವುದು. ಒಣಹುಲ್ಲಿನ ಬಣ್ಣದ ಕೃತಕ ಹುಲ್ಲಿನ ಒಂದೆರಡು ಗೊಂಚಲು ಸಾಕು, ಬೇಸ್‌ನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹುಲ್ಲು ಬೇಡ. ಅದೇ ಧೂಳಿನ ಬಣ್ಣವನ್ನು ಸೈನಿಕರ ಚಪ್ಪಲಿ ಮತ್ತು ಕಣಕಾಲುಗಳಿಗೂ ಒಮ್ಮೆ ಲಘುವಾಗಿ ಸವರಿದರೆ ಅವರು ನೆಲದ ಮೇಲೆ ನಿಂತಂತೆ ಕಾಣುತ್ತಾರೆ, ಅಂಟಿಸಿದಂತೆ ಕಾಣುವುದಿಲ್ಲ. ಎಲ್ಲ ದಳಗಳ ಬೇಸ್ ಅಂಚಿಗೂ ಒಂದೇ ಬಣ್ಣ ಇರಲಿ.

ವಾರ್ನಿಷ್ ಮತ್ತು ಬಣ್ಣದ ದಾಖಲೆ

ಆಟದಲ್ಲಿ ಬೊಂಬೆಗಳನ್ನು ನೂರಾರು ಬಾರಿ ಎತ್ತಿ ಇಡಲಾಗುತ್ತದೆ, ಲೋಹದ ಬೊಂಬೆಗಳ ಬಂದೂಕಿನ ತುದಿಯಲ್ಲಿಯೂ ರುಮಾಲಿನ ಮೇಲೆಯೂ ಬಣ್ಣ ಮೊದಲು ಏಳುತ್ತದೆ. ಹೊಳಪಿನ ವಾರ್ನಿಷ್ ಹೊಳಪಿಲ್ಲದ ಮ್ಯಾಟ್ ವಾರ್ನಿಷ್‌ಗಿಂತ ಗಟ್ಟಿ, ಆದರೆ ಹೊಳೆಯುವ ಸೈನಿಕನ ಮುಖ ದೂರದಿಂದ ಓದಲು ಸಿಗುವುದಿಲ್ಲ. ಆದ್ದರಿಂದ ಮೊದಲು ಹೊಳಪಿನ ಒಂದು ತೆಳು ಲೇಪ, ಅದು ಪೂರ್ತಿ ಒಣಗಿದ ಮರುದಿನ ಮ್ಯಾಟ್‌ನ ಒಂದು ಲೇಪ ಕೊಡಬೇಕು. ಕೃತಕ ಹುಲ್ಲನ್ನು ಅಂಟಿಸುವುದು ವಾರ್ನಿಷ್ ಆದ ಮೇಲೆಯೇ. ತೇವದ ದಿನಗಳಲ್ಲಿ ಸ್ಪ್ರೇ ವಾರ್ನಿಷ್ ಮುಟ್ಟಬೇಡಿ, ಪೂರ್ತಿಯಾಗಿ ಮುಗಿದ ದಳವೊಂದು ಒಂದೇ ಬೀಸಿನಲ್ಲಿ ಬಿಳಿಚಿಕೊಳ್ಳುವುದನ್ನು ನೋಡುವುದಕ್ಕಿಂತ ಎರಡು ವಾರ ಕಾಯುವುದು ಸುಲಭ. ಸಾಗಿಸುವುದಕ್ಕೆ ಬೇಸ್‌ನ ಅಡಿಗೆ ತೆಳು ಅಯಸ್ಕಾಂತವನ್ನು ಅಂಟಿಸಿ, ತಳದಲ್ಲಿ ತಗಡಿನ ಹಾಳೆ ಹಾಸಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಿಲ್ಲಿಸಿದರೆ ಬಸ್ಸಿನ ಕುಲುಕಾಟಕ್ಕೂ ಬೊಂಬೆಗಳು ಒಂದಕ್ಕೊಂದು ತಾಗುವುದಿಲ್ಲ.

ಒಂದು ನೋಟ್‌ಪುಸ್ತಕದಲ್ಲಿ ಪ್ರತಿ ಭಾಗಕ್ಕೂ ಬಳಸಿದ ಬಣ್ಣದ ಹೆಸರು, ಬೆರಕೆಯ ಪ್ರಮಾಣ, ಹಚ್ಚಿದ ಕ್ರಮ ಇವನ್ನು ಬರೆದು, ಪಕ್ಕದಲ್ಲಿ ಆ ಬಣ್ಣದ ಒಂದು ಸಣ್ಣ ಪಟ್ಟೆಯನ್ನೇ ಹಚ್ಚಿಡಿ. ಉದಾಹರಣೆಗೆ ಅಂಗಿಗೆ ಮೂರು ಪಾಲು ನೇರಳೆ, ಒಂದು ಪಾಲು ಗಾಢ ನೀಲಿ, ಅರ್ಧ ಪಾಲು ಬೂದು ಎಂದು ಬರೆದಿದ್ದರೆ, ಶೀಶೆ ಖಾಲಿಯಾದ ಮೇಲೂ ಎರಡನೆಯ ದಳವನ್ನು ಮೊದಲನೆಯದರ ಪಕ್ಕದಲ್ಲಿ ನಿಲ್ಲಿಸಬಹುದು. ಹೊಸ ಬೆರಕೆಯನ್ನು ಮಾಡಿದಾಗ ಅದು ಹಸಿಯಾಗಿರುವಾಗಲೇ ಹಳೆಯ ಪಟ್ಟೆಯೊಂದಿಗೆ ಹೋಲಿಸಬೇಡಿ, ಅಕ್ರಿಲಿಕ್ ಒಣಗಿದ ಮೇಲೆ ತುಸು ಗಾಢವಾಗುತ್ತದೆ. ಕಾಗದದ ಮೇಲೆ ಹಚ್ಚಿ, ಒಣಗಿಸಿ, ಕಿಟಕಿಯ ಬಳಿ ಹಗಲಿನ ಬೆಳಕಿನಲ್ಲಿ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ ತೀರ್ಮಾನಿಸಿ.